ಬೀರುವಿನ ಹಿಂದಿನ ಗೋಡೆ

೧೯೬೨ರ ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ, ನನ್ನ ಹೆಂಡತಿಯ ಬೀರುವನ್ನು ಹರಿಹರದ ಅವಳ ತವರಿಗೆ ಕಳಿಸಲು ದಾವಣಗೆರೆಯ ನಮ್ಮ ಮನೆಯ ಮುಂದೆ ಎತ್ತಿನ ಗಾಡಿ ಬಂದು ನಿಂತಿತು. ಅವಳು ಹೋಗಿ ಎರಡು ತಿಂಗಳಾಗಿತ್ತು. ಹೆಣ್ಣು ತಂದ ಸಾಮಾನು ವಾಪಸಾದರೆ ಸಂಬಂಧ ಮುಗಿಯಿತೆಂದೇ ನಮ್ಮಲ್ಲಿ ಅರ್ಥ.

ತೇಗದ ಬೀರು, ಒಂದು ಬಾಗಿಲಿಗೆ ಕನ್ನಡಿ. ಮದುವೆಯಾದ ವಾರದಲ್ಲೇ ಅಮ್ಮ ಅದನ್ನು ಮಲಗುವ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದಳು. ಪಡಸಾಲೆಯಲ್ಲಿ ಕೂತವರಿಗೆ ಕನ್ನಡಿ ಕಾಣಬೇಕಿತ್ತು. ಗೋಡೆಯ ಆಚೆ ಪಕ್ಕದ ಮನೆಯವರ ಬಚ್ಚಲು. ಬೀರುವಿನ ಮಗ್ಗುಲಲ್ಲೇ ಮಂಚ. ಗೋಡೆಯ ಕಡೆ ಅವಳು ಮಲಗುತ್ತಿದ್ದಳು.

ಮೊದಲ ಮಳೆಗಾಲದಲ್ಲೇ ಅವಳಿಗೆ ಕೆಮ್ಮು ಹತ್ತಿತು. ಕ್ಷಯವೆಂದು ಹೆದರಿ ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲವೆಂದರು. ತವರಿಗೆ ಹೋದರೆ ಎಂಟು ದಿನದಲ್ಲಿ ಕೆಮ್ಮು ನಿಲ್ಲುತ್ತಿತ್ತು. ಮರಳಿ ಬಂದರೆ ಮತ್ತೆ ಶುರು.

"ಹರಿಹರದಾಗ ಇಲ್ಲದ ಕೆಮ್ಮು ದಾವಣಗೆರ್ಯಾಗ ಹೆಂಗ ಬರ್ತೈತೆ?" ಅಮ್ಮ ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದಳು. "ರೈಲು ಇಳಿಯೋವಾಗ ಹತ್ತಿಸ್ಕೊಂಡು ಬರ್ತಾಳೇನು?"

ಅವಳು ನನಗೆ ಒಮ್ಮೆ ಹೇಳಿದ್ದಳು: "ಆ ಬೀರು ಒಂದೀಟು ಸರಸ್ರಿ. ಹಿಂದ ಏನೋ ವಾಸ್ನೆ ಐತೆ." ಮಳೆ ಮುಗಿಯಲಿ ಅಂದೆ. ವಾಸನೆ ಹೋಗಲೆಂದು ಅವಳೇ ಬೀರುವಿನ ತುಂಬ ನುಸಿ ಗುಳಿಗೆ ಇಟ್ಟಳು. ಮೂರನೆಯ ಮಳೆಗಾಲದಲ್ಲಿ ಅಮ್ಮ, ನಾಟಕ ಸಾಕು, ತವರಲ್ಲೇ ಇರಲಿ ಎಂದಳು. ರೈಲಿಗೆ ಹತ್ತಿಸಿ ಬಂದವನು ನಾನು.

ಆ ಭಾನುವಾರ ಬೀರುವಿನ ಬಾಗಿಲು ಕಳಚಲು ಬಡಗಿ ಸಾಬರು ಬಂದಿದ್ದರು. ಅವರೂ ನಾನೂ ಸೇರಿ ಬೀರುವನ್ನು ಮುಂದಕ್ಕೆಳೆದೆವು. ನೆಲದಿಂದ ಎದೆಯೆತ್ತರದವರೆಗೆ ಗೋಡೆ ಕಪ್ಪಗಿತ್ತು. ಅಂಚಿನಲ್ಲಿ ಹಸಿರು ಬೂಷ್ಟು, ಉಣ್ಣೆಯಂತೆ ದಪ್ಪ. ಬೀರುವಿನ ಹಿಂದಿನ ಹಲಗೆಯ ಮೇಲೂ ಅದೇ. ಸಾಬರು ಹೆಗಲ ವಸ್ತ್ರವನ್ನು ಮೂಗಿಗೆ ಹಿಡಿದರು.

"ಯಾ ಅಲ್ಲಾ! ಇದರ ಮಗ್ಗುಲಾಗ ಯಾರು ಮಲಗ್ತಿದ್ರು, ಅಮ್ಮಾರೆ?"

ಅಮ್ಮ ಹತ್ತಿರ ಬಂದು ಗೋಡೆ ನೋಡಿದಳು. ಗಾಡಿಯನ್ನು ಹಿಂದಕ್ಕೆ ಕಳಿಸೋಣವೇ ಎಂದು ಕೇಳಿದೆ.

"ಓಣಿಯೋರೆಲ್ಲ ಗಾಡಿ ನೋಡ್ಯಾರ. ಈಗ ಬ್ಯಾಡ ಅಂದ್ರ ಏನಂತಾರ? ಹೇರ್ರಿ."

ಬೀರುವಿನ ಒಂದು ತುದಿ ಸಾಬರು ಹಿಡಿದರು, ಇನ್ನೊಂದು ನಾನು.

ಮರುದಿನದಿಂದ ಗಾರೆ ಕೆರೆಸಿದೆ, ಸೀಮೆಎಣ್ಣೆಯಲ್ಲಿ ಒರೆಸಿದೆ, ಮೈಲುತುತ್ತ ಬೆರೆಸಿದ ಸುಣ್ಣ ಎರಡು ಸಲ ಹೊಡೆಸಿದೆ. ಗೋಡೆ ಬೆಳ್ಳಗಾದ ಮೇಲೆ ಅವಳನ್ನು ಕರೆತರಲು ಹರಿಹರಕ್ಕೆ ಹೋದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಕೆಮ್ಮು ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ.

"ಎಕ್ಸ್‌ರೇ ನಂಬಿದ್ರಿ. ನನ್ನ ನಂಬ್ಲಿಲ್ಲ. ಈಗ ಗ್ವಾಡೆ ನಂಬಿ ಬಂದೀರಿ," ಅಂದಳು. "ಒಳಗ ಬರ್ರಿ, ಚಾ ಕುಡ್ದು ಹೋಗ್ರಿ."

ಚಹಾ ಕುಡಿದು ಒಬ್ಬನೇ ಬಂದೆ.

ಮರುವರ್ಷದ ಜುಲೈನಲ್ಲಿ ಸುಣ್ಣದ ಮೇಲೆ ಮತ್ತೆ ಕಪ್ಪು ಚುಕ್ಕೆಗಳು ಎದ್ದವು. ಮಂಚವನ್ನು ಪಡಸಾಲೆಗೆ ತಂದೆವು.

೧೯೬೮ರಲ್ಲಿ ಹರಿಹರದ ಅವಳ ತವರಿಗೆ ಹೋಗಿದ್ದ ಪರಿಚಯದವರೊಬ್ಬರು ಹೇಳಿದ ಪ್ರಕಾರ, ಅವಳು ಅಲ್ಲಿಯೇ ಇದ್ದಾಳೆ. ಬೀರು ನಡುಮನೆಯಲ್ಲಿದೆ. ಗೋಡೆಗೂ ಅದಕ್ಕೂ ನಡುವೆ ಒಬ್ಬರು ಹಾಯುವಷ್ಟು ಜಾಗ ಬಿಟ್ಟಿದ್ದಾರೆ.