ಎರಡು ಇತ್ಲಾಗೆ, ಎರಡು ಅತ್ಲಾಗೆ

ಹೋದ ತಿಂಗಳು ಮೈಸೂರಿಗೆ, ಮಗಳ ಮನೆಗೆ ಹೊರಟಿದ್ದೆ. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸೋಣ ಅಂತ ಇಳಿದವಳ ಮೂಗಿಗೆ ಬಡಿದದ್ದು ನೆನೆಸಿಟ್ಟ ಬಾಳೆ ನಾರಿನ ವಾಸನೆ. ಹೂವಿನದಲ್ಲ, ನಾರಿನದು. ಜೊತೆಗೆ ಒಂದಿಷ್ಟು ಮರುಗ. ಯಾರೋ ಹೆಂಗಸು ಒದ್ದೆ ಗೋಣಿಯ ಮೇಲೆ ಕಾಕಡ ಹೂ ಸುರಿದುಕೊಂಡು ಕಟ್ಟುತ್ತಾ ಕೂತಿದ್ದಳು. “ಎಷ್ಟ್ ಮೊಳ ಕೊಡ್ಲವ್ವ?” ಅಂತ ಎರಡು ಸಲ ಕೇಳಿದರೂ ನನಗೆ ಬಾಯೇ ಬರಲಿಲ್ಲ. ನನಗೆ ಬಾಯಿ ಬರದೆ ಹೋಗೋದು ಅಪರೂಪ. ಬೇಕಾದರೆ ನಮ್ಮ ಯಜಮಾನರನ್ನು ಕೇಳಿ.

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಕೆ.ಆರ್. ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಯಜಮಾನರು ಬೆಳಗಿನ ಮೊದಲ ಬಸ್ಸಿಗೆ ಪಾಂಡವಪುರಕ್ಕೆ ಕೆಲಸಕ್ಕೆ ಹೊರಟುಬಿಡೋರು. ನಾನು ಹೊಸಹೊಳಲು ಕಡೆ ಒಂದು ಶಾಲೆಯಲ್ಲಿ ಟೀಚರು. ಮಗಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಅವಳನ್ನು ಪಕ್ಕದ ಮನೆಯ ಹೂವಿನಜ್ಜಿ ಹತ್ತಿರ ಬಿಟ್ಟು ಓಡುತ್ತಿದ್ದೆ. ಅಜ್ಜಿ ಬೆಳಗಿನಿಂದ ಸಂಜೆವರೆಗೂ ಜಗುಲಿ ಮೇಲೆ ಕೂತು ಹೂ ಕಟ್ಟೋಳು. ಸಂಜೆ ಅವಳ ಮಗ ಬುಟ್ಟಿ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋಗೋನು.

ಬಿಡುವಾಗಲೂ ಕರೆದುಕೊಂಡು ಬರುವಾಗಲೂ ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ. ಮಗಳ ಮುಂದೆ ಒಂದು ಹಿಡಿ ಹೂ ಇರೋದು. ಅವಳು ಎರಡು ಹೂವಿನ ತಲೆ ಈ ಕಡೆ, ಎರಡರ ತಲೆ ಆ ಕಡೆ ಜೋಡಿಸಿ ಕೊಡೋಳು, ಅಜ್ಜಿ ನಾರು ಸುತ್ತಿ ಗಂಟು ಹಾಕೋಳು. ಇಬ್ಬರೂ ಏನೋ ಮಾತಾಡಿಕೊಂಡು ನಗೋರು… ಏನು ಅಂತ ನಾನು ಕೇಳಿಸಿಕೊಂಡವಳಲ್ಲ. ಒಂದು ಸಂಜೆ ಅಜ್ಜಿಯೇ ತಡೆದು ಹೇಳಿದಳು.

“ನಿನ್ ಮಗ ಸ್ಯಾನೆ ಚುರುಕು ಕಣವ್ವ. ಗಂಟಿಗೆ ಎಷ್ಟು ಸಾಲ್ದು ಅಂತ ಅದೇ ಯೋಳ್ತದೆ.”

“ಹೂಂ ಹೂಂ” ಅಂದು ಮಗಳ ಕೈ ಹಿಡಿದು ಎಳೆದುಕೊಂಡು ಬಂದೆ. ತಿದ್ದೋ ಪುಸ್ತಕ ರಾಶಿ ಬಿದ್ದಿತ್ತು.

ಆಗ ನಮ್ಮ ಪೇಟೆಗೂ ಕಾನ್ವೆಂಟಿನ ಗಾಳಿ ಬೀಸಿತ್ತು. ಎಲ್‌ಕೆಜಿಗೆ ಸೇರಿಸೋಕೆ ಮಗುವಿಗೂ ಇಂಟರ್‌ವ್ಯೂ! ಹೊಸ ಫ್ರಾಕು ಹಾಕಿಸಿ, ಎರಡು ಜಡೆ ಹಾಕಿ ಕರೆದುಕೊಂಡು ಹೋದೆ. ಅಲ್ಲಿನ ಹೆಡ್ ಮಿಸ್ಸು ಮೇಜಿನ ಮೇಲೆ ಹತ್ತು ಸೀಮೆಸುಣ್ಣ ಇಟ್ಟು, ಎಣಿಸು ಪುಟ್ಟಿ ಅಂದರು. ನಮ್ಮ ಮಹರಾಯ್ತಿ ಒಂದು, ಎರಡು ಅನ್ನಲೇ ಇಲ್ಲ. ಸೀಮೆಸುಣ್ಣ ಎತ್ತಿಕೊಂಡು ಜೋಡಿಸೋಕೆ ಶುರು ಮಾಡಿದಳು. “ಎಲ್ಡು ಇತ್ಲಾಗೆ, ಎಲ್ಡು ಅತ್ಲಾಗೆ, ಸುತ್ತಿ ಗಂಟಾಕು.” ಮತ್ತೆ ನಾಲ್ಕು, ಮತ್ತೊಂದು ಗಂಟು. ಉಳಿದ ಎರಡನ್ನು ಕೈಯಲ್ಲಿ ಹಿಡಿದುಕೊಂಡು ಮಿಸ್ಸಿನ ಮುಖ ನೋಡಿ, “ಇನ್ನೆಲ್ಡು ಸಾಲ್ದು, ಕೊಡಿ” ಅಂತ ಕೈ ಚಾಚಿದಳು.

ಅಲ್ಲಿದ್ದ ಆಯಾ ಕಿಸಕ್ ಅಂತ ನಕ್ಕಳು. ಹೆಡ್ ಮಿಸ್ಸು ನನ್ನ ಕಡೆ ತಿರುಗಿ, “ನೀವು ಟೀಚರ್ ಅಲ್ವಾ? ಮಗೂನ ಯಾರ ಹತ್ರ ಬಿಡ್ತೀರಾ?” ಅಂತ ಕೇಳಿದರು. ಒಂದು ತಿಂಗಳು ಮನೆಯಲ್ಲಿ ಒಂದರಿಂದ ಹತ್ತು ಕಲಿಸಿ ಕರೆದುಕೊಂಡು ಬನ್ನಿ, ಆಮೇಲೆ ನೋಡೋಣ ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗು ಕೇಳಿದ ಆ ಎರಡು ಸೀಮೆಸುಣ್ಣ ಕೊಡಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ನಾಲ್ಕು ತುಂಬದ ಮಗು ಎಷ್ಟು ಕಮ್ಮಿ ಅಂತ ತಾನೇ ಲೆಕ್ಕ ಹಾಕಿ ಹೇಳಿತ್ತು. ಮೂರನೇ ಕ್ಲಾಸಿನ ಮಕ್ಕಳಿಗೆ ಅದನ್ನು ಕಲಿಸೋಕೆ ಬೆವರು ಸುರಿಸುತ್ತಿದ್ದ ನಾನು, ಅವಳ ಪಕ್ಕದಲ್ಲೇ ಕೂತು ತಲೆ ತಗ್ಗಿಸಿದ್ದೆ.

ಸೀದಾ ಅಜ್ಜಿಯ ಜಗುಲಿಗೇ ಬಂದೆ. ಬೀದಿಯವರೆಲ್ಲ ಕೇಳೋ ಹಾಗೆ ಕೂಗಾಡಿದೆ. “ನೋಡ್ಕೊ ಅಂದ್ರೆ ನೋಡ್ಕೊಬೇಕಿತ್ತು. ಹೂ ಕಟ್ಟೋದು ಕಲಿಸು ಅಂತ ನಾನು ಕೇಳಿದ್ನಾ? ನನ್ನ ಮಗಳೇನು ಬಸ್‌ಸ್ಟ್ಯಾಂಡಲ್ಲಿ ಹೂ ಮಾರಬೇಕಾ? ನಾಳೆಯಿಂದ ನೀನು ನೋಡ್ಕೊಳೋದೂ ಬೇಡ, ಕಲಿಸೋದೂ ಬೇಡ.” ಇನ್ನೂ ಏನೇನೋ ಅಂದೆ… ನನ್ನ ನಾಲಗೆಗಿಷ್ಟು ಬೆಂಕಿ ಹಾಕ.

ಅಜ್ಜಿ ಮಡಿಲಲ್ಲಿದ್ದ ಹೂ ಪಕ್ಕಕ್ಕೆ ಸರಿಸಿ, “ಆಯ್ತು ಬುಡವ್ವ. ಮಗ ಬೆಳಗಿಂದ ಏನೂ ಉಂಡಂಗಿಲ್ಲ, ಮೊದ್ಲು ಎಲ್ಡು ತುತ್ತು ತಿನ್ನುಸು” ಅಂದಳು.

ಮಾರನೆಯ ದಿನದಿಂದ ಮಗಳನ್ನು ನನ್ನ ಜೊತೆ ಶಾಲೆಗೇ ಎಳೆದುಕೊಂಡು ಹೋಗಿ ಹಿಂದಿನ ಬೆಂಚಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಸಂಜೆ ಮನೆಯಲ್ಲಿ ಸ್ಲೇಟು, ಬಳಪ, ಕೈಯಲ್ಲೊಂದು ಸ್ಕೇಲು. ಹೊಡೆದದ್ದು ಎರಡೋ ಮೂರೋ ಸಲ, ಸುಳ್ಳು ಹೇಳಲ್ಲ. ತಿಂಗಳು ಕಳೆಯೋ ಹೊತ್ತಿಗೆ ಒಂದರಿಂದ ಹತ್ತು ಬಂತು, ಸೀಟೂ ಸಿಕ್ಕಿತು. ಆದರೆ ಮಗು ಒಂದು ಅಂದು ನನ್ನ ಮುಖ ನೋಡೋಳು, ಎರಡು ಅಂದು ಮತ್ತೆ ನನ್ನ ಮುಖ ನೋಡೋಳು. ಜಗುಲಿ ಮೇಲೆ ನಗ್ತಾ ಎಣಿಸುತ್ತಿದ್ದ ಮಗುವೇ ಅದು. ಈಗ ಮೂವತ್ತು ದಾಟಿದ್ದಾಳೆ. ಏನು ಹೇಳಿದರೂ ಕೊನೆಗೆ “ಸರೀನಾ ಅಮ್ಮ?” ಅಂತಾಳೆ.

ಆಮೇಲೆ ಅಜ್ಜಿ ಜಗುಲಿ ಮೇಲೆ ಕೂರೋದನ್ನೇ ಬಿಟ್ಟಳು. ಅಬ್ಬಾ, ಮುದುಕಿಗೆ ಎಷ್ಟು ಠೇಂಕಾರ ಅಂದುಕೊಂಡೆ. ಯಜಮಾನರ ಹತ್ತಿರವೂ ಆಡಿಕೊಂಡೆ.

ಮಗಳು ಯುಕೆಜಿಯಲ್ಲಿದ್ದಾಗ ಕ್ಲಾಸ್ ಮಿಸ್ಸು ನನ್ನನ್ನು ಕರೆಸಿದರು. ಬೇರೆ ಮಕ್ಕಳು ಬೆರಳು ಮಡಿಸುತ್ತಾ ಕೂತಿದ್ದರೆ ಇವಳು ಎರಡೆರಡು, ನಾಲ್ಕುನಾಲ್ಕು ಗುಂಪು ಮಾಡಿ ಥಟ್ ಅಂತ ಹೇಳ್ತಾಳೆ, ಮನೆಯಲ್ಲಿ ಯಾರು ಹೇಳಿಕೊಟ್ಟದ್ದು ಅಂತ ಕೇಳಿದರು. “ನಾನೇ ಮಿಸ್. ದಿನಾ ಸಂಜೆ ಕೂರಿಸ್ಕೊಂಡು ಹೇಳ್ಕೊಡ್ತೀನಿ” ಅಂತ ಕೊಚ್ಚಿಕೊಂಡೆ. ಹೇಳುವಾಗಲೇ ಕಿವಿ ಬಿಸಿಯಾಯಿತು. ಮನೆಗೆ ಬರುತ್ತಾ ದಾರಿಯಲ್ಲಿ ಎಲ್ಲ ಅರ್ಥವಾಯಿತು. ಅಜ್ಜಿಯ ಹತ್ತಿರ ಹೋಗಿ ತಪ್ಪಾಯ್ತು ಅನ್ನಬೇಕು ಅಂದುಕೊಂಡೆ. ನಾಳೆ ಹೋಗೋಣ, ಭಾನುವಾರ ಹೋಗೋಣ, ಹಬ್ಬ ಕಳೀಲಿ… ಅಷ್ಟರಲ್ಲಿ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಸಾಮಾನು ಸಾಗಿಸೋ ಗಡಿಬಿಡಿಯಲ್ಲಿ ಅವತ್ತೂ ಹೋಗಲಿಲ್ಲ.

ದಸರಾ ರಜದಲ್ಲಿ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಆಷಾಢದಲ್ಲೇ ತೀರಿಕೊಂಡಿದ್ದಳು. ಸೊಸೆ ಚಾಪೆ ಹಾಸಿ ಕೂರಿಸಿ, ನಾನು ಕೇಳದೆಯೇ ಹೇಳಿದಳು.

“ಜಗುಲೀಲಿ ಕುಂತ್ರೆ ಮಗ ಓಡ್ಬತ್ತದೆ, ಅವ್ರವ್ವ ಒಡೀತಾಳೆ ಕಣೇ ಅಂತಿದ್ರು. ಅದ್ಕೇಯ ಒಳಗೇ ಕುಂತು ಕಟ್ಟೋರು. ಕಣ್ಣು ಬ್ಯಾರೆ ಮಂಜಾಗಿತ್ತು, ಒಳಗೆ ಬೆಳಕಿಲ್ಲ. ಎಷ್ಟ್ ಯೋಳುದ್ರೂ ಆಚೆ ಬರ್ನಿಲ್ಲ.”

ಅಲ್ಲೇ ಅತ್ತುಬಿಟ್ಟೆ. ಸೊಸೆ ಗಾಬರಿಯಾಗಿ ನೀರು ತಂದುಕೊಟ್ಟಳು. ಯಾಕೆ ಅಳ್ತಿದ್ದೀನಿ ಅಂತ ಅವಳಿಗೂ ಹೇಳಲಿಲ್ಲ.

ಹೋದ ತಿಂಗಳು ಮೈಸೂರಿಗೆ ಹೋದದ್ದು ಮಗಳೇ ಕರೆದಳು ಅಂತ. ಮೊಮ್ಮಗಳು ಎಲ್‌ಕೆಜಿ ಸೇರಿದ್ದಾಳೆ, ನಂಬರ್ ಹೇಳು ಅಂದರೆ ಅಳುತ್ತಾಳಂತೆ. “ನನಗೆ ಲೆಕ್ಕ ಕಲಿಸಿದ್ದು ನೀನೇ ತಾನೇ? ಇವಳಿಗೂ ಹಾಗೇ ಕಲಿಸಮ್ಮ” ಅಂದಿದ್ದಳು ಫೋನಿನಲ್ಲಿ. ಬರ್ತೀನಿ ಬಿಡು ಅಂದಿದ್ದೆ.

ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡೆ. ಮಗು ಬಾಯಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿತ್ತು. ಹೂವಿನಜ್ಜಿ ಮೊದಲು ಏನು ಮಾತಾಡಿಸುತ್ತಿದ್ದಳು, ತಪ್ಪಾದರೆ ಏನನ್ನುತ್ತಿದ್ದಳು, ಏನು ಹೇಳಿ ನಗಿಸುತ್ತಿದ್ದಳು… ಎಷ್ಟು ಯೋಚಿಸಿದರೂ ಒಂದೂ ತೋಚಲಿಲ್ಲ.

“ನಿನಗೆ ಕಲಿಸಿದ್ದು ನಾನಲ್ಲ ಕಣೇ” ಅಂತ ಮಗಳಿಗೆ ಕೂಗಿ ಹೇಳಿದೆ.

ಮಗಳು ಅಡುಗೆಮನೆಯಿಂದ ಆಚೆ ಬಂದಳು. “ಮತ್ಯಾರು?”

ಹೇಳಿದೆ. ಹೂವಿನಜ್ಜಿ ಅಂದರೆ ಯಾರು ಅಂತಲೇ ಅವಳಿಗೆ ನೆನಪಿರಲಿಲ್ಲ. ಎಲ್ಲ ಕೇಳಿ ಮಗುವಿನ ಪಕ್ಕ ಬಂದು ಕೂತು, “ಹೋಗ್ಲಿ, ಅವ್ರು ಹೇಗೆ ಹೇಳ್ಕೊಡ್ತಿದ್ರು ಅದನ್ನಾದ್ರೂ ತೋರಿಸಮ್ಮ” ಅಂದಳು.

“ಒಂದು ದಿನವೂ ನಿಂತು ನೋಡಲಿಲ್ಲ ಕಣೇ” ಅಂದೆ.