ಈರಮ್ಮ ನೀರಿಗೆ ಪಾಸು ಕೊಟ್ಟಿದ್ದು

ಸಿಂಧನೂರಿನ ಹೊರಗೆ ಊರಿನ ಚರಂಡಿ ನೀರು ಶುದ್ಧ ಮಾಡುವ ಘಟಕದಲ್ಲಿ ನನ್ನ ಕೆಲಸ. ಶುದ್ಧವಾದ ನೀರನ್ನು ಚೆಂಡುಹೂವಿಗೆ ಹಾಯಿಸಿಕೊಳ್ಳಲು ಪಕ್ಕದ ಹೊಲದ ಈರಮ್ಮನಿಗೆ ಎಷ್ಟು ಹೇಳಿದರೂ ಮೂಗು ಮುಚ್ಚಿಕೊಂಡು ಹೋಗುತ್ತಿದ್ದಳು. ಒಂದು ಮುಂಜಾನೆ ತಾನೇ ಗೇಟಿಗೆ ಬಂದಳು. ಬೋರಿನ ಮೋಟಾರು ಸುಟ್ಟಿತ್ತು, ಮೊಗ್ಗು ಬಾಡುತ್ತಿದ್ದವು.

ಲೋಟದಲ್ಲಿ ತಿಳಿನೀರು ಹಿಡಿದು ತೋರಿಸಿ, ಲ್ಯಾಬಿನ ವರದಿಯನ್ನೂ ಓದಿದೆ.

"ಕಾಗದ ಇರ್ಲಿ ತಮ್ಮಾ. ಮೊದಲ ನೀ ಕೈ ತೊಳ್ಕೊ, ನೋಡೂಣು."

ಅದೇ ನೀರಿನ ಪೈಪಿನ ಕೆಳಗೆ ಮೊಣಕೈವರೆಗೂ ತೊಳೆದುಕೊಂಡೆ. ಈರಮ್ಮ ನನ್ನ ಎರಡೂ ಅಂಗೈ ಹಿಡಿದು ಮೂಸಿದಳು. ಕೆಲಸದವರೆಲ್ಲ ನೋಡುತ್ತಿದ್ದರು.

"ವಾಸನಿ ಇಲ್ಲ. ಬಿಡು ನೀರ," ಎಂದು ನಕ್ಕಳು.

ಈಗ ಅವಳ ಹೊಲವೆಲ್ಲ ಹಳದಿ. ನನ್ನ ಹೆಂಡತಿ ಮಾತ್ರ ಇನ್ನೂ ಒಪ್ಪಿಲ್ಲ; ಮನೆ ಬಾಗಿಲಲ್ಲೇ ಸಾಬೂನು ಕೊಡುತ್ತಾಳೆ.