ಚಪ್ಪಲಿ ಕಾದ ಅತ್ತಿಗೆ

ನಮ್ಮ ಅತ್ತಿಗೆಯ ಎರಡೂ ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದಂತೆ ಬಿರಿದಿದ್ದವು. ಮಲಗುವ ಮುಂಚೆ ಮುರುಗಲು ತುಪ್ಪ ಬಿಸಿಮಾಡಿ ಬಿರುಕುಗಳಿಗೆ ತುಂಬಿಕೊಳ್ಳುವರು. ಸಮುದ್ರದ ಉಪ್ಪುನೀರಿನಲ್ಲಿ ನಿಂತರೆ ಹಿಮ್ಮಡಿ ಕೂಡಿಕೊಳ್ಳುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು.

“ಒಂದು ಸಲ ನಿಲ್ಬೇಕು ಕಣೇ. ಕುಂಸಿ ಕೆರೆ ಬಿಟ್ರೆ ನಾನು ಇಳಿದ ನೀರು ಯಾವುದಿದೆ?” ಎನ್ನುತ್ತಿದ್ದರು. ಕುಂಸಿ ಅವರ ತವರು. ನನಗೆ ತಿಳಿದಂತೆ ಅವರು ತಮಗೋಸ್ಕರ ಬಯಸಿದ್ದು ಇದೊಂದೇ.

ನನ್ನ ಅಣ್ಣ ಭದ್ರಾವತಿಯಲ್ಲಿ ಕಾರ್ಖಾನೆಯ ಕಚೇರಿಯಲ್ಲಿದ್ದವನು, ಸಂಸ್ಕೃತ ಓದಿದವನು. ಸಂಸಾರ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ. ನಾನು ಪಕ್ಕದೂರಿನ ದುರ್ಗಿಗುಡಿಯಲ್ಲಿ, ಶಾಲೆಯ ಕೆಲಸದಲ್ಲಿ. ರಜೆ ಬಂತೆಂದರೆ ಎಲ್ಲರೂ ಸೇರಿ ಮುರುಡೇಶ್ವರಕ್ಕೆ ಹೋಗುವುದು ವಾಡಿಕೆ. ಅಲ್ಲಿ ಮಾಡುವುದಕ್ಕೆ ಬೇಕಾದಷ್ಟಿತ್ತು: ದೋಣಿ, ಒಂಟೆ ಸವಾರಿ, ಸುಟ್ಟ ಜೋಳ, ಕಪ್ಪೆಚಿಪ್ಪು ಆರಿಸುವುದು, ಈಚೆಗೆ ಬೆನ್ನಿಗೆ ದೊಡ್ಡ ಕೊಡೆ ಕಟ್ಟಿಕೊಂಡು ಆಕಾಶಕ್ಕೇರುವುದೂ ಬಂದಿತ್ತು. ಅತ್ತಿಗೆಗೆ ಮಾತ್ರ ಒಂದೇ ಕೆಲಸ. ನಸುಕಿನಲ್ಲೆದ್ದು ಕಲಸಿದ ಪುಳಿಯೋಗರೆಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಮರಳಿನ ಮೇಲೆ ಕೂತು ನಮ್ಮೆಲ್ಲರ ಚಪ್ಪಲಿ ಕಾಯುವುದು.

ಮೊದಲ ಸಲ ಹೋದಾಗ ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿನತ್ತ ಹೊರಟೇಬಿಟ್ಟಿದ್ದರು. ಸೊಂಟದವರೆಗೆ ಇಳಿದಿದ್ದ ಅಣ್ಣ ಅಲ್ಲಿಂದಲೇ ಕೂಗಿದ.

“ಏಯ್, ಅಲ್ಲೇ ನಿಲ್ಲು! ಹುಣ್ಣಿಮೆ, ಅಮಾವಾಸ್ಯೆ, ಅಂಥ ಪರ್ವಕಾಲ ಬಿಟ್ಟು ಸಮುದ್ರ ಮುಟ್ಟಬಾರ್ದು. ಶಾಸ್ತ್ರ.”

“ಮತ್ತೆ ನೀವು?”

“ನಾನು ಮಕ್ಕಳನ್ನ ಹಿಡ್ಕೊಳ್ಳೋಕೆ ಇಳಿದಿದ್ದೀನಿ.”

ಮಕ್ಕಳಿಬ್ಬರೂ ದಡದಲ್ಲಿ ಮರಳಿನ ಗುಡ್ಡೆ ಕಟ್ಟುತ್ತಿದ್ದರು. ಅತ್ತಿಗೆ ವಾಪಸು ಬಂದು ನನ್ನ ಪಕ್ಕ ಕೂತರು. “ಶಾಸ್ತ್ರಕ್ಕೂ ಈಜು ಬರತ್ತೆ ನೋಡು ಮಾರಾಯ್ತಿ” ಅಂದರು.

ಆಮೇಲೆ ಅವರು ಕೇಳಲಿಲ್ಲ. ಚಪ್ಪಲಿಗಳ ಮರಳು ಕೊಡವಿ, ಜೋಡಿ ಜೋಡಿಯಾಗಿ, ಮನೆಯ ದಿಕ್ಕಿಗೆ ಮುಖ ಮಾಡಿ ಇಡುತ್ತಿದ್ದರು. ಮೊಮ್ಮಕ್ಕಳ ಕಾಲ ಬಂತು. “ಅಜ್ಜಿ, ನೀನ್ಯಾಕೆ ನೀರಿಗೆ ಬರಲ್ಲ?” ಎಂದರೆ, “ನಾನೂ ಬಂದ್ರೆ ನಿಮ್ಮ ಚಪ್ಪಲೀನ ಒಂಟೆ ಹಾಕ್ಕೊಂಡು ಹೋಗತ್ತೆ!” ಮಕ್ಕಳು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಅಣ್ಣನ ರಜೆಗೂ ಪರ್ವಕ್ಕೂ ತಾಳೆಯಾಗುತ್ತಿರಲಿಲ್ಲ. ಅಣ್ಣ ನಿವೃತ್ತನಾದ ಮೇಲೆ ಅತ್ತಿಗೆಯೇ ಪಂಚಾಂಗ ತೆಗೆದು, ಹುಣ್ಣಿಮೆ ನೋಡಿ ದಿನ ಗೊತ್ತುಮಾಡಿದರು. ನಾವು ಮೂವರೇ ಹೋದೆವು. ಬೆಳಿಗ್ಗೆ ತಲುಪಿದಾಗ ಅತ್ತಿಗೆ ಕಾಫಿಯನ್ನೂ ಕುಡಿದಿರಲಿಲ್ಲ. ಸ್ನಾನ ಮುಗಿಸಿಯೇ ಕುಡಿಯಬೇಕೆಂದಿದ್ದರು. ಸಂಕಲ್ಪದ ಮಂತ್ರ ಹೇಳಿಸಬೇಕಾದವನು ಅಣ್ಣ. “ಬಸ್ಸಿನಲ್ಲಿ ಮೈಯೆಲ್ಲ ನೋವಾಯ್ತು. ಒಂದು ಗಳಿಗೆ ಬೆನ್ನು ಚಾಚ್ತೀನಿ” ಎಂದು ಲಾಡ್ಜಿನಲ್ಲಿ ಮಲಗಿದ. ಗೊರಕೆ ಬಂತು.

“ಏಳಿ ಅತ್ತಿಗೆ, ನಾವಿಬ್ರೇ ಹೋಗಣ” ಅಂದೆ.

“ಬೇಡ ಕಣೇ. ಅವರೇ ಹೇಳಿಸ್ಲಿ. ನಾಳೆ ಮನೇಲಿ ಯಾರಿಗಾದ್ರೂ ಜ್ವರ ಬಂದ್ರೂ ನಾನು ಸಮುದ್ರ ಮುಟ್ಟಿದ್ದಕ್ಕೇ ಅಂತಾಗತ್ತೆ.”

ಹೋಗಿ ಅಣ್ಣನನ್ನು ಅಲ್ಲಾಡಿಸಿದೆ. “ಹೂಂ, ಬಂದೆ” ಎಂದು ಮಗ್ಗುಲು ಬದಲಿಸಿದ. ಅವನು ಎದ್ದು ಗಡಿಯಾರ ನೋಡುವಾಗ ಮಧ್ಯಾಹ್ನವಾಗಿತ್ತು.

“ಛೆ, ಹುಣ್ಣಿಮೆ ಮುಗಿದೇಹೋಯ್ತಲ್ಲ! ಪಾಡ್ಯ ಬಂತು. ಇರಲಿ, ಮುಂದಿನ ಸಲ ನೋಡಣ.”

ಸಂಜೆ ಗಾಳಿಗೆಂದು ಹೋದಾಗ ಪಂಚೆ ಎತ್ತಿಕಟ್ಟಿ ನೀರಿಗಿಳಿದ. ಅತ್ತಿಗೆ ಅವನ ಚಪ್ಪಲಿಯ ಮರಳು ಕೊಡವಿ ಇಟ್ಟರು.

ಮುಂದಿನ ಸಲ ಬರಲಿಲ್ಲ. ಚಳಿಗಾಲದಲ್ಲಿ ಒಂದು ದಿನ ಹಿಮ್ಮಡಿಗೆ ತುಪ್ಪ ಹಚ್ಚಿಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಅಸ್ಥಿ ಬಿಡಲು ಗೋಕರ್ಣಕ್ಕೆ ಹೋದೆವು. ಸಮುದ್ರದೆದುರು ಅಣ್ಣ ಕುಡಿಕೆ ಹಿಡಿದು ನಿಂತಾಗ ಕೇಳಿದೆ:

“ಇವತ್ತು ಯಾವ ತಿಥಿ?”

“ಸಪ್ತಮಿ. ಯಾಕೆ?”

“ಪರ್ವ ಅಲ್ವಲ್ಲ.”

“ಇದಕ್ಕೆಲ್ಲ ಪರ್ವ ನೋಡೋದಿಲ್ಲ” ಅಂದ. ಚಪ್ಪಲಿ ಕಳಚಿ, ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿದ. ಅಲ್ಲಿದ್ದವಳು ನಾನು. “ಸ್ವಲ್ಪ ಚಪ್ಪಲಿ ನೋಡ್ಕೋ.”

ನಾನು ನೋಡಿಕೊಳ್ಳಲಿಲ್ಲ. ಸೀರೆ ಎತ್ತಿ ಹಿಡಿದು ಅವನಿಗಿಂತ ಮೊದಲೇ ಹೋಗಿ ನೀರಿನಲ್ಲಿ ನಿಂತೆ. ಅಣ್ಣ ಬಂದು ಕುಡಿಕೆ ಬಗ್ಗಿಸಿದ. ಅತ್ತಿಗೆ ಬೂದಿಯಾಗಿ ಬಂದು, ನನ್ನ ಕಾಲನ್ನು ಒಂದು ಸುತ್ತು ಬಳಸಿ, ಮುಂದೆ ಹೋದರು. ತಿರುಗಿ ನೋಡಿದರೆ ದಡದಲ್ಲಿ ಅಲೆಯೊಂದು ಅಣ್ಣನ ಚಪ್ಪಲಿಯನ್ನು ಎಳೆದುಕೊಂಡು ಹೊರಟಿತ್ತು. ನಾನು ಅವನಿಗೆ ಹೇಳಲಿಲ್ಲ.